ಹಳೆಯ ಗಣಕ, ಹೊಸ ಉಗ್ರಾಣ

ಮುಂಬಯಿಯಲ್ಲಿ ಸಂಸಾರ ಹೂಡಿದವರಿಗೆ ಹಳೆಯ ಸಾಮಾನಿನ ಮೇಲಿನ ಮಮತೆ ಊರಿನವರಿಗಿಂತ ಒಂದು ತೂಕ ಹೆಚ್ಚೇ ಎಂದು ನನ್ನ ಅನುಭವ. ಊರಿನಲ್ಲಾದರೆ ಅಟ್ಟವಿದೆ, ಕೊಟ್ಟಿಗೆಯಿದೆ, ಹಿತ್ತಿಲಿದೆ. ಬೇಡವಾದದ್ದನ್ನು ಎಸೆಯದೆಯೂ ಕಣ್ಣಿಗೆ ಬೀಳದಂತೆ ಇಡಬಹುದು. ಇಲ್ಲಿ ಒಂದು ಮಲಗುವ ಕೋಣೆ, ಒಂದು ನಡುಮನೆ, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ. ಈ ಮೂರರೊಳಗೆ ಉಳಿದುಕೊಂಡದ್ದು ಏನೇ ಇರಲಿ, ದಿನಕ್ಕೆ ಹತ್ತು ಸಲ ಮೊಣಕಾಲಿಗೆ ತಾಗಿ 'ನಾನೇಕೆ ಇಲ್ಲಿದ್ದೇನೆ' ಎಂದು ಕೇಳುತ್ತದೆ. ಅದಕ್ಕೊಂದು ಉತ್ತರ ಹೇಳಲು ಬಂದರೆ ಅದು ಉಳಿಯುತ್ತದೆ; ಇಲ್ಲವಾದರೆ ಭಂಗಾರ್‌ವಾಲಾನ ಗೋಣಿ ಸೇರುತ್ತದೆ.

ನಮ್ಮ ಡೊಂಬಿವಲಿಯ ಮನೆಯಲ್ಲಿ ಹೀಗೆ ಉತ್ತರ ಹೇಳಿಸಿಕೊಂಡು ಉಳಿದ ವಸ್ತುಗಳ ಪೈಕಿ ಅಗ್ರಸ್ಥಾನ ಒಂದು ಗಣಕಯಂತ್ರದ್ದು. ಗಣಕಯಂತ್ರವೆಂದರೆ ಈಗಿನ ಹುಡುಗರು ನಗುತ್ತಾರೆ, ಕಂಪ್ಯೂಟರ್ ಎಂದೇ ಹೇಳುತ್ತೇನೆ. 2013ರ ದೀಪಾವಳಿಗೆ ಮಗಳ ಕಾಲೇಜಿನ ಕೆಲಸಕ್ಕೆಂದು ಕೊಂಡದ್ದು. ಮಗಳು ಓದು ಮುಗಿಸಿ, ನೌಕರಿ ಹಿಡಿದು, ಮದುವೆಯಾಗಿ ಪುಣೆಗೆ ಹೋದಳು. ಕಂಪ್ಯೂಟರ್ ಅವಳೊಂದಿಗೆ ಹೋಗಲಿಲ್ಲ. ಅಷ್ಟರಲ್ಲಿ ಅದು ಅವಳ ತಾಯಿಯ ಸ್ವತ್ತಾಗಿತ್ತು.

ಆದದ್ದು ಹೀಗೆ. ನನ್ನ ಅಮ್ಮ ಕುಂದಾಪುರದ ಕಡೆಯವರು. ಕೊನೆಯ ಹದಿನೆಂಟು ವರ್ಷ ನಮ್ಮ ಜೊತೆ ಇಲ್ಲಿಯೇ ಇದ್ದು 2016ರಲ್ಲಿ ತೀರಿಕೊಂಡರು. ಅವರಿಗೆ ಓದು ಬರಹ ಅಷ್ಟಕ್ಕಷ್ಟೆ, ಆದರೆ ಹಾಡು ಮಾತ್ರ ಗಂಟಲಿನಲ್ಲಿ ಕಟ್ಟಿಟ್ಟ ಗಂಟು. ಶೋಭಾನೆ, ಹೂ ಮುಡಿಸುವ ಹಾಡು, ಸೀಮಂತದ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು. ಮಧ್ಯಾಹ್ನ ಅಕ್ಕಿ ಆರಿಸುತ್ತ ಒಂದು ಶುರು ಮಾಡಿದರೆಂದರೆ ಪಕ್ಕದ ಮನೆಯ ಮರಾಠಿ ಹೆಂಗಸು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. ನನ್ನಾಕೆ ಮೊದಲು ಅವನ್ನು ನೋಟುಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ಮಗಳಿಂದ ಟೈಪಿಂಗ್ ಕಲಿತು, ದಿನಕ್ಕೊಂದರಂತೆ ಕಂಪ್ಯೂಟರಿಗೆ ಹಾಕಿದಳು. ಸಂಘದ ಮಹಿಳಾ ವಿಭಾಗದ ಹಿರಿಯ ಹೆಂಗಸರಿಂದ ಕೇಳಿ ಬರೆದುಕೊಂಡವೂ ಸೇರಿ ಇವತ್ತಿಗೆ 214 ಹಾಡುಗಳಾಗಿವೆ. ಅದರ ಜೊತೆಗೆ ಅಮ್ಮನ ದನಿಯಲ್ಲೇ ಮುದ್ರಿಸಿಕೊಂಡ ಹಾಡುಗಳು 41. ಪ್ರತಿಯೊಂದರ ಆರಂಭದಲ್ಲೂ ಅಮ್ಮ 'ಶುರು ಮಾಡ್ಲಾ?' ಎಂದು ಕೇಳುತ್ತಾರೆ. ಮೈಕು ಎಂದರೆ ಅದರ ಆಚೆ ತುದಿಯಲ್ಲಿ ಯಾರೋ ಕಿವಿಗೊಟ್ಟು ಕೂತಿದ್ದಾರೆ ಎಂದೇ ಅವರ ನಂಬಿಕೆ.

ಹಾಡಿಕೊಟ್ಟ ಹೆಂಗಸರಲ್ಲಿ ಇವತ್ತು ನಮ್ಮೊಂದಿಗೆ ಇರುವವರು ಇಬ್ಬರೇ. ಹಾಗಾಗಿ ಕಂಪ್ಯೂಟರ್ ಹಳತಾಯಿತು, ಬಿಸಾಡಿ ಎಂದು ಮಗಳು ಅಳಿಯಂದಿರು ಎಷ್ಟು ಸಲ ಹೇಳಿದರೂ ನನ್ನಾಕೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಳತಾದದ್ದೇನೋ ನಿಜ. ಗುಂಡಿ ಒತ್ತಿದರೆ ಎಚ್ಚರಗೊಂಡು ಕೆಲಸಕ್ಕೆ ನಿಲ್ಲಲು ಅದಕ್ಕೆ ನಾಲ್ಕೈದು ನಿಮಿಷ ಬೇಕಾಗುತ್ತಿತ್ತು. ನನ್ನಾಕೆ ಆ ಕಾಲವನ್ನು ವ್ಯರ್ಥ ಮಾಡುವವಳಲ್ಲ. ಕಂಪ್ಯೂಟರಿನ ಗುಂಡಿ ಒತ್ತಿ, ಒಲೆಯ ಮೇಲೆ ಕುಕ್ಕರ್ ಇಡುವಳು. ಮೂರನೆಯ ಸೀಟಿಗೆ ಪರದೆಯ ಮೇಲೆ ಚಿತ್ರ ಬರುತ್ತಿತ್ತು. ಒಂದು ಕಡತ ತೆರೆಯಲು ಹೇಳಿ ಬಟ್ಟೆ ಒಣಗಿಸಿ ಬರಬಹುದು. 'ನಮ್ಮ ಊರಿನ ಸರ್ವಿಸ್ ಬಸ್ಸಿನ ಹಾಗೆ, ಹೊರಟರೆ ಮುಟ್ಟಿಸ್ತದೆ' ಎಂದು ಅವಳೇ ಅದರ ಪರವಾಗಿ ವಕಾಲತ್ತು ಮಾಡುತ್ತಿದ್ದಳು.

ಹೊಸ ಲ್ಯಾಪ್‌ಟಾಪ್ ಕೊಂಡು ಹಾಡುಗಳನ್ನು ಅದಕ್ಕೆ ಹಾಕಿಕೊಂಡರಾಯಿತಲ್ಲ ಎಂದು ವಾಚಕರು ಕೇಳಬಹುದು. ಮಗಳೂ ಅದನ್ನೇ ಕೇಳಿದಳು. ಪೆನ್ ಡ್ರೈವಿನಲ್ಲಿ ಹಾಡುಗಳ ಪ್ರತಿ ಪುಣೆಗೆ ಹೋಗಿಯೂ ಹೋಗಿತ್ತು. ಅಲ್ಲಿ ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಗಳು, ಒಂದರ ತಲೆಗೆ ಟೋಪಿ, ಇನ್ನೊಂದರ ಕಾಲಿಗೆ ಬಾಲ, ಮತ್ತೊಂದರ ಮೇಲೆ ಎರಡು ಚುಕ್ಕಿ. ಕಾರಣವಿಷ್ಟೆ. ಆ ಕಾಲದಲ್ಲಿ ನಮ್ಮಲ್ಲಿ ಬಹಳ ಮಂದಿ ಮಾಡುತ್ತಿದ್ದಂತೆ ಇವಳೂ ಟೈಪ್ ಮಾಡಿದ್ದು ಕನ್ನಡ ಗಣಕ ಪರಿಷತ್ತಿನವರ 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ. ಅದರಲ್ಲಿ ಕಂಪ್ಯೂಟರಿನ ಒಳಗೆ 'ಕ' ಎಂಬುದು ಕನ್ನಡದ ಕ ಆಗಿ ಕೂತಿರುವುದಿಲ್ಲ. ರೋಮನ್ ಅಕ್ಷರವೊಂದು ಕನ್ನಡದ ವೇಷ ಕಟ್ಟಿಕೊಂಡು ಕುಣಿಯುತ್ತಿರುತ್ತದೆ. ನುಡಿಯ ಫಾಂಟು ಇರುವ ಯಂತ್ರವೆಂದರೆ ರಂಗಸ್ಥಳ; ಅಲ್ಲಿ ಅದು ದೇವೇಂದ್ರ. ಫಾಂಟು ಇಲ್ಲದ ಯಂತ್ರವೆಂದರೆ ಚೌಕಿ. ಅಲ್ಲಿ ಬಣ್ಣ ಒರೆಸಿಕೊಂಡು ಬೀಡಿ ಸೇದುತ್ತ ಕೂತ ಸಾಮಾನ್ಯ ಮನುಷ್ಯ.

ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಸ್ಥಾನ ಸಿಕ್ಕಿತ್ತು. ಈಗ ಫೋನಿನಲ್ಲಿ ನಾವು ಬರೆಯುವುದೆಲ್ಲ ಅದರಲ್ಲೇ. ಹಳೆಯ ನುಡಿಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳೂ ಇವೆ. ಆದರೆ ತಿರುಗಿಸಿದ ಮೇಲೆ ಒಬ್ಬರು ಕೂತು ಓದಲೇಬೇಕು. ಅರ್ಕಾವೊತ್ತು ಒಂದು ಮನೆ ಆಚೆ ಹೋಗಿರುತ್ತದೆ, ಒತ್ತಕ್ಷರ ತಪ್ಪಿಸಿಕೊಂಡಿರುತ್ತದೆ, ಎಲ್ಲೋ ಒಂದು ದೀರ್ಘ ಬಿಟ್ಟುಹೋಗಿರುತ್ತದೆ. ಪತ್ರವ್ಯವಹಾರದ ಕನ್ನಡವಾದರೆ ಯಾರು ಬೇಕಾದರೂ ತಿದ್ದಿಯಾರು. ಕುಂದಾಪುರದ ಕನ್ನಡದ ಹಾಡು, ಅದರಲ್ಲೂ ಅತ್ತೆಯ ಬಾಯಿಯ ಕನ್ನಡ. ಇವಳಲ್ಲದೆ ಯಾರು ತಿದ್ದಬೇಕು? ಹಳೆಯದನ್ನು ಒಂದು ಕಿಟಕಿಯಲ್ಲಿ, ಹೊಸದನ್ನು ಇನ್ನೊಂದು ಕಿಟಕಿಯಲ್ಲಿ ಇಟ್ಟುಕೊಂಡು, ಅನುಮಾನ ಬಂದಲ್ಲಿ ದನಿಯನ್ನೂ ಕೇಳಿ, ಸಾಲು ಸಾಲು ತಾಳೆ ನೋಡಬೇಕು. ಅವಳ ಕೈ ಪಳಗಿದ ಯಂತ್ರದಲ್ಲೇ ಆಗಬೇಕಾದ ಕೆಲಸ. ಆದರೆ ಒಂದು ಕಿಟಕಿ ತೆರೆಯುವಷ್ಟರಲ್ಲಿ ಅನ್ನ ಬೇಯುವ ಯಂತ್ರದಲ್ಲಿ 214 ಹಾಡು ತಾಳೆ ನೋಡುವುದೆಂದರೆ ನಮ್ಮ ಆಯುಷ್ಯ ಸಾಲದು.

ಹೀಗಿರುವಾಗ 2025ರ ಜುಲೈಯಲ್ಲಿ ಪೆಟ್ಟಿಗೆಯೊಳಗಿನಿಂದ ಒಂದು ಹೊಸ ಸದ್ದು ಶುರುವಾಯಿತು. ಟಕ್, ಸ್ವಲ್ಪ ಮೌನ, ಮತ್ತೆ ಟಕ್. ಭಾಂಡುಪಿನಲ್ಲಿರುವ ನನ್ನ ತಂಗಿಯ ಮಗ ಕಂಪ್ಯೂಟರ್ ದುರಸ್ತಿಯ ನೌಕರಿಯಲ್ಲಿದ್ದಾನೆ. ಭಾನುವಾರ ಊಟಕ್ಕೆ ಬಂದವನು ಆ ಸದ್ದು ಕೇಳಿ ತುತ್ತು ಬಿಟ್ಟು ಎದ್ದ. ಡಿಸ್ಕಿನ ಆರೋಗ್ಯ ತೋರಿಸುವ ಒಂದು ಸಣ್ಣ ತಂತ್ರಾಂಶ ಹಾಕಿ ನೋಡಿದ. ಹಸಿರು ಇರಬೇಕಾದಲ್ಲಿ ಹಳದಿ. ಕೆಟ್ಟುಹೋದ ಜಾಗಗಳನ್ನು ಡಿಸ್ಕು ತಾನೇ ಗುರುತು ಮಾಡಿ, ಬದಲಿ ಜಾಗ ಕೊಟ್ಟ ಲೆಕ್ಕ ಅದರಲ್ಲಿ ಬರುತ್ತದಂತೆ. ಓದಲಾಗದೆ ಬಾಕಿ ಉಳಿದವುಗಳ ಲೆಕ್ಕ ಬೇರೆ. ಎರಡೂ ಸೊನ್ನೆ ಇರಬೇಕಾದದ್ದು ಸೊನ್ನೆ ಇರಲಿಲ್ಲ.

'ಮಾವ, ಯಂತ್ರಕ್ಕೆ ಎಂತದೂ ಆಗ್ಲಿಲ್ಲ. ಪ್ರೊಸೆಸರ್ ಗಟ್ಟಿ ಉಂಟು, ಬೋರ್ಡ್ ಗಟ್ಟಿ ಉಂಟು. ಡಿಸ್ಕ್ ಮಾತ್ರ ಹೊರಟು ನಿಂತಿದೆ. ನಾನು ಬರುವವರೆಗೆ ಇದನ್ನು ಆನ್ ಮಾಡ್ಲೇಬೇಡಿ.'

'ಹಾಡು?' ಎಂದಳು ನನ್ನಾಕೆ. ಅಷ್ಟೇ ಕೇಳಿದ್ದು.

'ನೋಡುವ ಅತ್ತೆ' ಎಂದ. ದುರಸ್ತಿಯವರ ಬಾಯಲ್ಲಿ 'ನೋಡುವ' ಎಂಬ ಮಾತು ಡಾಕ್ಟರರ ಬಾಯಲ್ಲಿ ಬಂದಂತೆಯೇ ಕೇಳಿಸುತ್ತದೆ.

ಟೈಪ್ ಮಾಡಿದ ಹಾಡುಗಳ ಪ್ರತಿ ಪುಣೆಯಲ್ಲಿತ್ತಲ್ಲ, ಅದರ ಭಯವಿರಲಿಲ್ಲ. ಭಯವಿದ್ದದ್ದು ಅಮ್ಮನ ದನಿಯದು. ಆ ಕಡತಗಳನ್ನು ಆ ವಾರವೇ ಪೆನ್ ಡ್ರೈವಿಗೆ ಇಳಿಸಲು ಹೋದಾಗ ಹತ್ತನೆಯದಕ್ಕೋ ಹನ್ನೊಂದನೆಯದಕ್ಕೋ ಬಂದು ಇಡೀ ಯಂತ್ರ ಮರಗಟ್ಟಿ ನಿಂತುಬಿಡುತ್ತಿತ್ತು.

ಮುಂದಿನ ಒಂಬತ್ತು ದಿನ ಕಂಪ್ಯೂಟರಿನ ಮೇಲೆ ಕ್ರೋಶಾದ ಮುಸುಕು ಹಾಗೆಯೇ ಇತ್ತು. ಆ ಬಿಡುವಿನಲ್ಲಿ ಅಳಿಯ ಫೋನಿನಲ್ಲಿ ಹೇಳಿದ್ದು, ನಾನು ಕೇಳಿ ತಿಳಿದುಕೊಂಡದ್ದು ಇಲ್ಲಿ ಸ್ವಲ್ಪ ಬರೆಯುತ್ತೇನೆ. ನಮ್ಮಂತೆ ಹಳೆಯ ಪೆಟ್ಟಿಗೆ ಇಟ್ಟುಕೊಂಡವರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಹಾರ್ಡ್ ಡಿಸ್ಕ್ ಎಂದರೆ ಮುಚ್ಚಿದ ಡಬ್ಬಿಯೊಳಗಿನ ಗ್ರಾಮಫೋನ್ ಎಂದುಕೊಳ್ಳಿ. ತಟ್ಟೆ ತಿರುಗುತ್ತದೆ, ತೋಳು ಆಡುತ್ತದೆ. ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟಿ ಓದುತ್ತದೆ. ಇದರ ತಲೆ ಮುಟ್ಟದೆ, ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ ತೇಲುತ್ತ ಕಾಂತದ ಗುರುತುಗಳನ್ನು ಓದುತ್ತದೆ. ಇಂಥ ಯಂತ್ರ ಮೊದಲು ಮಾರಾಟಕ್ಕೆ ಬಂದದ್ದು 1956ರಲ್ಲಿ, ಐಬಿಎಂ ಕಂಪನಿಯಿಂದ. ಎರಡಡಿ ಅಗಲದ ಐವತ್ತು ತಟ್ಟೆಗಳು, ತೂಕ ಒಂದು ಟನ್ನಿನ ಆಸುಪಾಸು, ಹಿಡಿಯುತ್ತಿದ್ದದ್ದು ಐವತ್ತು ಲಕ್ಷ ಅಕ್ಷರ. ನನ್ನಾಕೆಯ 214 ಹಾಡುಗಳೂ ಅದರಲ್ಲಿ ಧಾರಾಳವಾಗಿ ಹಿಡಿಯುತ್ತಿದ್ದವು. ಅಮ್ಮನ ದನಿ ಮಾತ್ರ ಒಂದು ನಿಮಿಷದ್ದೂ ಹಿಡಿಯುತ್ತಿರಲಿಲ್ಲ. ಬರೆದ ಮಾತಿಗೂ ಹಾಡಿದ ಮಾತಿಗೂ ಅಷ್ಟು ಅಂತರ.

ನಮ್ಮ ಡಿಸ್ಕು ನಿಮಿಷಕ್ಕೆ 7200 ಸುತ್ತು ಸುತ್ತುವಂಥದ್ದು. ಎಂದರೆ ಸೆಕೆಂಡಿಗೆ 120. ಕೇಳಲು ಭಾರಿ ವೇಗ. ಆದರೆ ಲೆಕ್ಕ ಹಾಕಿ ನೋಡಿ: ಒಂದು ಸುತ್ತಿಗೆ ಎಂಟು ಮಿಲಿಸೆಕೆಂಡಿನ ಮೇಲಾಯಿತು. ಬೇಕಾದ ಗುರುತು ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ನಾಲ್ಕು. ಅದಕ್ಕೆ ಮುಂಚೆ ತೋಳು ಸರಿಯಾದ ಸಾಲಿಗೆ ಸರಿಯಬೇಕು, ಅದಕ್ಕೆ ಎಂಟೊಂಬತ್ತು. ಒಟ್ಟು ಹನ್ನೆರಡು ಹದಿಮೂರು ಮಿಲಿಸೆಕೆಂಡು. ಸೆಕೆಂಡಿಗೆ ಎಂಬತ್ತು ಸಲ ಮಾತ್ರ ಅದು 'ಇಗೋ' ಎನ್ನಬಲ್ಲದು. ಗುಂಡಿ ಒತ್ತಿದ ಕ್ಷಣದಿಂದ ಕಂಪ್ಯೂಟರ್ ಎಚ್ಚರಗೊಳ್ಳುವವರೆಗೆ ಇಂಥ ಸಾವಿರಾರು ಚಿಲ್ಲರೆ ಬೇಡಿಕೆಗಳು ಬರುತ್ತವೆ, ಒಂದು ಈ ಮೂಲೆಯಲ್ಲಿ, ಒಂದು ಆ ಮೂಲೆಯಲ್ಲಿ. ನಾನು ನೌಕರಿ ಮಾಡುತ್ತಿದ್ದ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಒಬ್ಬ ಜವಾನನಿದ್ದ. ಫೈಲು ಹುಡುಕುವುದರಲ್ಲಿ ನಿಪುಣ, ಒಂದು ದಿನವೂ ಸುಮ್ಮನೆ ಕೂತವನಲ್ಲ. ಆದರೆ ಇಡೀ ಕಚೇರಿಗೆ ಅವನೊಬ್ಬನೇ. ಮಾರ್ಚಿ ತಿಂಗಳಲ್ಲಿ ಎಲ್ಲ ಗುಮಾಸ್ತರೂ ಅವನ ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದೆವು. ಹಾರ್ಡ್ ಡಿಸ್ಕಿನ ತೋಳು ಆ ಜವಾನ.

ಅದರ ಜಾಗಕ್ಕೆ ಈಗ ಬಂದಿರುವ ಎಸ್ಸೆಸ್ಡಿ, ಎಂದರೆ ಸಾಲಿಡ್ ಸ್ಟೇಟ್ ಡ್ರೈವ್, ತಟ್ಟೆಯೂ ಇಲ್ಲ ತೋಳೂ ಇಲ್ಲದ ಜಾತಿ. ಜಪಾನಿನ ತೋಷಿಬಾ ಕಂಪನಿಯಲ್ಲಿ ಫುಜಿಯೋ ಮಸುವೋಕಾ ಎಂಬ ಇಂಜಿನಿಯರರು 1980ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಶ್ ಸ್ಮೃತಿಯ ಸಂತಾನ. 1987ರಲ್ಲಿ ಅವರ ತಂಡ ಪ್ರಕಟಿಸಿದ ಬಗೆಯೇ ಇವತ್ತು ಪೆನ್ ಡ್ರೈವಿನಲ್ಲಿ, ಕಿಸೆಯ ಫೋನಿನಲ್ಲಿ, ಇದರಲ್ಲಿ ಎಲ್ಲ ಕಡೆ ಇರುವುದು. ಅತಿಸಣ್ಣ ಕೋಶಗಳೊಳಗೆ ಎಲೆಕ್ಟ್ರಾನುಗಳನ್ನು ಕೂಡಿಹಾಕಿ, ಸುತ್ತ ವಿದ್ಯುತ್ತು ದಾಟದ ಗೋಡೆ ಕಟ್ಟಿ, ಒಳಗೆ ಇದೆಯೋ ಇಲ್ಲವೋ ಎಂದು ನೋಡುವುದೇ ಓದುವುದು. ಎಲ್ಲಿಗೂ ನಡೆದು ಹೋಗಬೇಕಾಗಿಲ್ಲ. ಹದಿಮೂರು ಮಿಲಿಸೆಕೆಂಡು ಬೇಕಾಗಿದ್ದಲ್ಲಿ ಒಂದು ಮಿಲಿಸೆಕೆಂಡಿನ ಹತ್ತನೆಯ ಒಂದು ಪಾಲು ಸಾಕು.

ನಮ್ಮದು ಹಳೆಯ ಬೋರ್ಡು, ಹೊಸ ಡ್ರೈವಿನ ಪೂರ್ತಿ ವೇಗ ಇದಕ್ಕೆ ತಡೆದೀತೇ ಎಂದು ನಾನು ಕೇಳಿದೆ. ಅಳಿಯ ಕೊಟ್ಟ ಉತ್ತರ ಡೊಂಬಿವಲಿಯವನಿಗೆ ತಕ್ಕದ್ದಾಗಿತ್ತು. 'ಮಾವ, ನೀವು ಗ್ರಾಂಟ್ ರೋಡಿಗೆ ಹೋಗುವಾಗ ಹೊತ್ತು ಹೋಗುವುದು ಎಲ್ಲಿ? ಗಾಡಿ ಓಡುವುದರಲ್ಲಾ? ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಗಾಡಿಗೆ ಕಾಯುವುದರಲ್ಲಿ. ಆ ಕಾಯುವುದು ತಪ್ಪಿದರೆ ಸಾಕು, ಗಾಡಿ ಹಳೆಯದೇ ಇರಲಿ.'

ಗ್ರಾಂಟ್ ರೋಡಿಗೆ ಹೋದದ್ದೂ ಆಯಿತು. ಲ್ಯಾಮಿಂಗ್ಟನ್ ರೋಡಿಗೆ ಡಾ. ಭಡಕಮ್‌ಕರ್ ಮಾರ್ಗವೆಂದು ಹೆಸರಿಟ್ಟು ಎಷ್ಟು ಕಾಲವಾದರೂ ಮುಂಬಯಿಯವರಿಗೆ ಅದು ಲ್ಯಾಮಿಂಗ್ಟನ್ ರೋಡೇ. ಒಂದು ಅಂಗಡಿಯ ಹುಡುಗ, ಅಂಗಡಿಯ ಹೆಸರು ಬೇಡ, ನಮ್ಮ ಕಥೆ ಅರ್ಧ ಕೇಳುವ ಮೊದಲೇ ಪರಿಹಾರ ಹೇಳಿದ. 'ಪುರಾನಾ ಡೇಟಾ ಛೋಡೋ ಅಂಕಲ್, ನಯಾ ವಿಂಡೋಸ್ ಡಾಲ್ ದೇತಾ ಹೂಂ, ಆಧಾ ಘಂಟಾ.' ಹಳೆಯ ಡಿಸ್ಕಿಗೆ ನೂರು ರೂಪಾಯಿ ಕಳೆಯುತ್ತೇನೆ ಎಂದೂ ಹೇಳಿದ. ಅವನ ದೃಷ್ಟಿಯಲ್ಲಿ ಅದು ನ್ಯಾಯವಾದ ವ್ಯಾಪಾರವೇ. ಆ ನೂರು ರೂಪಾಯಿಯ ತಗಡಿನಲ್ಲಿ ಜನರ ಪ್ಯಾನ್ ಕಾರ್ಡು, ಬ್ಯಾಂಕಿನ ಕಾಗದ, ಮದುವೆಯ ಫೋಟೋ ಎಲ್ಲ ಇರುತ್ತದೆಂಬುದು ಅವನಿಗೆ ತಿಳಿಯದ್ದೇನಲ್ಲ, ಕೊಡುವವರೂ ಕೊಡುತ್ತಾರೆ.

ಅಲ್ಲಿ ಅಳಿಯ ಒಂದು ವಿಷಯದಲ್ಲಿ ಪಟ್ಟು ಹಿಡಿದ. ನಮ್ಮ ಹಳೆಯ ಡಿಸ್ಕು 500 ಜಿಬಿಯದು. ಅಂಗಡಿಯವನು 480ರದ್ದು ತೋರಿಸಿ, ಇಪ್ಪತ್ತರ ಫರಕು ಏನು ಮಹಾ, ನಿಮ್ಮದರಲ್ಲಿ ಅರ್ಧವೂ ತುಂಬಿಲ್ಲ ಎಂದ. ಸಾಮಾನ್ಯ ಸಂದರ್ಭದಲ್ಲಿ ಅವನ ಮಾತು ಸರಿ. ಆದರೆ ಸಾಯುತ್ತಿರುವ ಡಿಸ್ಕಿನಿಂದ ಕಡತ ಕಡತವಾಗಿ ಆರಿಸುತ್ತ ಕೂರಬಾರದಂತೆ. ಈ ತುದಿಯಿಂದ ಆ ತುದಿಯವರೆಗೆ, ಖಾಲಿ ಜಾಗವೂ ಸೇರಿ, ಇದ್ದದ್ದು ಇದ್ದ ಹಾಗೆ ಎತ್ತಿಕೊಳ್ಳಬೇಕಂತೆ. ಹಾಗೆ ಎತ್ತಿ ಇಡಲು ಹೊಸದು ಹಳೆಯದಕ್ಕೆ ಸಮ ಇರಬೇಕು ಅಥವಾ ದೊಡ್ಡದಿರಬೇಕು. ಐವತ್ತು ಸೇರಿನ ಕಣಜದ ಭತ್ತವನ್ನು ನಲವತ್ತೆಂಟು ಸೇರಿನ ಕಣಜಕ್ಕೆ ಸುರಿದರೆ ಚೆಲ್ಲುವುದು ಯಾವ ಎರಡು ಸೇರು ಎಂದು ಯಾರು ಹೇಳಬೇಕು? 500ರದ್ದೇ ಕೊಂಡೆವು, ಮೂರೂವರೆ ಸಾವಿರದ ಆಸುಪಾಸಿನಲ್ಲಿ. ಜೊತೆಗೆ ಬಳಸಿದ್ದೊಂದು 4 ಜಿಬಿಯ ರ‍್ಯಾಮ್. ಹೊಸದರ ಪೆಟ್ಟಿಗೆ ಕೈಗೆ ಕೊಟ್ಟಾಗ ಒಳಗೆ ಏನಾದರೂ ಇದೆಯೇ ಎಂದು ಅನುಮಾನ ಬಂತು. ಅಂಗೈಗಿಂತ ಸಣ್ಣದು, ಹಪ್ಪಳದ ಕಟ್ಟಿನಷ್ಟೂ ತೂಕವಿಲ್ಲ.

ಶನಿವಾರ ಸಂಜೆ ಕೆಲಸ ಆರಂಭವಾಯಿತು. ಪೆಟ್ಟಿಗೆಯ ಬಾಗಿಲು ತೆಗೆದರೆ ಹನ್ನೆರಡು ವರ್ಷದ ಡೊಂಬಿವಲಿಯ ಧೂಳು. ನನ್ನಾಕೆ ಮೊದಲು ಬ್ರಷ್ಷು ತಂದಳು. ಅಳಿಯ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಒಳಗೇ ಜೋಡಿಸಿ, ಪೆನ್ ಡ್ರೈವಿನಲ್ಲಿ ತಂದ ಲಿನಕ್ಸಿನಿಂದ ಯಂತ್ರವನ್ನು ಎಬ್ಬಿಸಿದ. ವಿಂಡೋಸನ್ನು ಎಬ್ಬಿಸಿದರೆ ಅದು ಹಳೆಯ ಡಿಸ್ಕಿನ ಮೇಲೆ ಬರೆಯುವುದಕ್ಕೂ ಹೊರಡುತ್ತದೆ, ಅದು ಬೇಡ ಎಂದು. ನಕಲು ಮಾಡಲು ಅವನು ಬಳಸಿದ್ದು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ. ಬಿಟ್ಟಿ ಸಿಗುತ್ತದೆ. ಅದರ ರೀತಿ ನನಗೆ ಬಹಳ ಹಿಡಿಸಿತು. ಮೊದಲ ಸುತ್ತಿನಲ್ಲಿ ಸಲೀಸಾಗಿ ಬರುವುದನ್ನೆಲ್ಲ ಎತ್ತಿಕೊಳ್ಳುತ್ತದೆ. ಎಲ್ಲಿ ತೊಡರಿತೋ ಅಲ್ಲಿ ಹಟ ಹಿಡಿಯದೆ, ಗುರುತು ಹಾಕಿಕೊಂಡು ಮುಂದೆ ಹೋಗುತ್ತದೆ. ಎಲ್ಲ ಮುಗಿದ ಮೇಲೆ ತೊಡರಿದ ಕಡೆಗೆ ತಿರುಗಿ ಬಂದು, ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ, ಸ್ವಲ್ಪ ಸ್ವಲ್ಪವೇ ಬಿಡಿಸುತ್ತದೆ. ಮೊದಲೇ ಕೆಟ್ಟ ಜಾಗವನ್ನು ಕೆದಕುತ್ತ ಕೂತರೆ ಡಿಸ್ಕು ಅಲ್ಲಿಯೇ ಪ್ರಾಣ ಬಿಟ್ಟು, ಒಳ್ಳೆಯದೂ ಹೋಗುವ ಸಂಭವ.

ಮೊದಲ ಸುತ್ತು ಎರಡು ಗಂಟೆಯ ಒಳಗೆ ಮುಗಿಯಿತು. ತಿರುಗಿ ಬಂದ ಸುತ್ತು ರಾತ್ರಿಯಿಡೀ ನಡೆಯಿತು. ಅಳಿಯ ಚಾಪೆ ಹಾಸಿ ನಡುಮನೆಯಲ್ಲೇ ಮಲಗಿದ. ನನ್ನಾಕೆ ಮಲಗಿದವಳಂತೆ ಮಾಡಿ ಗಂಟೆಗೊಮ್ಮೆ ನೀರು ಕುಡಿಯುವ ನೆಪದಲ್ಲಿ ಎದ್ದು ಪರದೆಯ ಅಂಕಿ ನೋಡಿಬರುತ್ತಿದ್ದಳು. ಬಾಕಿ ಎಷ್ಟು ಎಂಬ ಅಂಕಿ ಇಳಿಯುತ್ತ ಬರುವುದನ್ನು ಓದಲು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕತ್ತಲಲ್ಲಿ ಆ ಸದ್ದು, ಟಕ್, ಮೌನ, ಟಕ್. ಆಸ್ಪತ್ರೆಯ ವರಾಂಡದಲ್ಲಿ ಕೂತ ಅನುಭವ. ಎರಡು ಗಂಟೆಯ ಸುಮಾರಿಗೆ ಸದ್ದು ಪೂರ್ತಿ ನಿಂತಿತು. ನಾನೂ ಎದ್ದು ಕೂತೆ. ಡಿಸ್ಕು ಹೋಯಿತೆಂದೇ ಎಣಿಸಿದ್ದೆವು. ಅದು ಒಂದು ಸುತ್ತು ಮುಗಿಸಿ ಇನ್ನೊಂದಕ್ಕೆ ತಯಾರಾಗುತ್ತಿತ್ತು.

ಬೆಳಿಗ್ಗೆ ಲೆಕ್ಕ ನೋಡಿದರೆ 500 ಜಿಬಿಯಲ್ಲಿ ಕೈಗೆ ಬಾರದೆ ಉಳಿದದ್ದು ಎರಡು ಎಂಬಿಗಿಂತಲೂ ಕಡಿಮೆ. ಹಳೆಯದನ್ನು ಕಳಚಿ, ಹೊಸದೊಂದನ್ನೇ ಬಿಟ್ಟು ಗುಂಡಿ ಒತ್ತಿದೆವು. ನನ್ನಾಕೆ ರೂಢಿಯಂತೆ ಅಡುಗೆಮನೆಗೆ ಹೊರಟಿದ್ದಳು. ಬಾಗಿಲು ದಾಟುವಷ್ಟರಲ್ಲಿ ಪರದೆಯ ಮೇಲೆ ಅವಳ ಚಿತ್ರ, ಅವಳ ಕಡತಗಳು, ಅವಳ ನುಡಿ, ಎಲ್ಲ ಇಟ್ಟಲ್ಲಿಯೇ. ಇಪ್ಪತ್ತೈದು ಸೆಕೆಂಡು. 'ಇದು ನಮ್ಮದೇನಾ?' ಎಂದು ಕೇಳಿದಳು.

ಇಟ್ಟಲ್ಲಿಯೇ ಎಂಬುದು ಮುಖ್ಯ. ಅಂಗಡಿಯ ಹುಡುಗನ ಅರ್ಧ ಗಂಟೆಯಲ್ಲಿ ವೇಗವೇನೋ ಇಷ್ಟೇ ಬರುತ್ತಿತ್ತು. ಆದರೆ ನುಡಿಯ ಫಾಂಟುಗಳು, ಕೀಲಿಮಣೆಯ ವಿನ್ಯಾಸ, ಹನ್ನೆರಡು ವರ್ಷದಿಂದ ಅವಳ ಬೆರಳಿಗೆ ಅಭ್ಯಾಸವಾದ ದಾರಿಗಳು ಬರುತ್ತಿರಲಿಲ್ಲ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹನ್ನೊಂದು ಈ ಯಂತ್ರಕ್ಕೆ ಒಗ್ಗುವುದಿಲ್ಲ, ಡಿಸ್ಕು ಬದಲಾಯಿಸಿದರೂ ಒಗ್ಗುವುದಿಲ್ಲ. ಆದ್ದರಿಂದ ಇದಕ್ಕೆ ಇಂಟರ್‌ನೆಟ್ಟಿನ ತಂತಿ ಈಗ ಇಲ್ಲ. ಬ್ಯಾಂಕಿನ ವ್ಯವಹಾರ ಇದರಲ್ಲಿ ಇಲ್ಲವೇ ಇಲ್ಲ. ಹೊರಗಿನ ಕೆಲಸ ಫೋನಿನದು, ಹಾಡಿನ ಕೆಲಸ ಇದರದು ಎಂದು ಭಾಗವಾಗಿದೆ. ಬ್ಯಾಂಕಿಗೂ ಇದನ್ನೇ ಬಳಸುತ್ತೇವೆ ಎನ್ನುವವರಿಗೆ ಡಿಸ್ಕು ಬದಲಾಯಿಸುವ ಉಪಾಯವೊಂದೇ ಸಾಲದು ಎಂದು ಹೇಳದಿದ್ದರೆ ಮೋಸವಾದೀತು.

ಎಸ್ಸೆಸ್ಡಿಯ ಬಗ್ಗೆ ನನಗೆ ಒಂದೆರಡು ತಕರಾರುಗಳೂ ಇವೆ. ಹಳೆಯದು ಗೊಣಗುತ್ತಿತ್ತು. ಮನೆಯ ಹಿರಿಯರ ಹಾಗೆ ಕೆಮ್ಮಿ, ನರಳಿ, ತನಗೆ ಮೈ ಸರಿಯಿಲ್ಲವೆಂದು ಒಂದು ತಿಂಗಳ ಮುಂಚೆ ತಿಳಿಸಿತು. ಹೊಸದಕ್ಕೆ ದನಿಯೇ ಇಲ್ಲ. ಅದು ಹೋಗುವಾಗ ಹೇಳದೆ ಹೋಗುವುದೂ ಉಂಟಂತೆ. ಅಳಿಸಿದ್ದನ್ನು ಹಳೆಯದರಲ್ಲಾದರೆ ಎಷ್ಟೋ ಸಲ ತಿರುಗಿ ಪಡೆಯಬಹುದಿತ್ತು. ಇದು ಖಾಲಿಯಾದ ಜಾಗವನ್ನು ತಾನಾಗಿ ತೊಳೆದಿಡುತ್ತದೆ, ಆಮೇಲೆ ಕೇಳಿದರೆ ಇಲ್ಲ. ಇನ್ನೂ ಒಂದು: ವಿದ್ಯುತ್ತು ಕೊಡದೆ ವರ್ಷಗಟ್ಟಲೆ ಕಪಾಟಿನಲ್ಲಿ ಇಟ್ಟರೆ ಗೋಡೆಯೊಳಗಿನ ಎಲೆಕ್ಟ್ರಾನುಗಳು ಮೆಲ್ಲನೆ ಸೋರಿಹೋಗಬಹುದು. ದಿನದ ಅಡುಗೆಗೆ ಸರಿ, ಉಪ್ಪಿನಕಾಯಿಯ ಭರಣಿಯಲ್ಲ. ನಮ್ಮಲ್ಲೀಗ ಹಾಡುಗಳ ಒಂದು ಪ್ರತಿ ಪುಣೆಯಲ್ಲಿ, ಒಂದು ಭಾಂಡುಪಿನಲ್ಲಿ, ಒಂದು ಇಲ್ಲಿ. ತಿಂಗಳ ಮೊದಲ ಭಾನುವಾರ ಹೊಸತಾಗಿ ತಿದ್ದಿದ್ದು ಮೂರು ಕಡೆಗೂ ಸೇರುತ್ತದೆ.

ತಾಳೆ ನೋಡುವ ಕೆಲಸ ಈಗ 130 ಹಾಡುಗಳಿಗೆ ಬಂದಿದೆ. ಮಧ್ಯಾಹ್ನ ಎರಡರಿಂದ ನಾಲ್ಕು. ಎರಡು ಕಿಟಕಿ, ಕಿವಿಗೆ ಇಯರ್‌ಫೋನು. ನಡುವೆ ನನ್ನನ್ನು ಕರೆಯುತ್ತಾಳೆ, 'ಕೇಳಿತಾ, ಇದು ಹೂವಿನ ದಂಡೆಯಾ, ದಂಡಿಯಾ?' ಎಂದು. ನನಗೆ ತಿಳಿಯುವುದಿಲ್ಲವೆಂದು ಅವಳಿಗೆ ಗೊತ್ತು. ಫೋನು ಮಾಡಿ ಸಂಘದ ಆ ಇಬ್ಬರಲ್ಲಿ ಒಬ್ಬರನ್ನು ಕೇಳುತ್ತಾಳೆ. ಅವರು ಉತ್ತರ ಹೇಳುವ ಬದಲು ಹಾಡನ್ನೇ ಮೊದಲಿನಿಂದ ಹಾಡುತ್ತಾರೆ. ಅರ್ಧ ಗಂಟೆ.

ಅಮ್ಮನ ದನಿಯ 41ರಲ್ಲಿ 40 ಪೂರ್ತಿಯಾಗಿ ಬಂದವು. ತೊಟ್ಟಿಲ ಹಾಡೊಂದರಲ್ಲಿ, 'ಶುರು ಮಾಡ್ಲಾ?' ಎಂದು ಕೇಳಿ, ಒಂದೂವರೆ ನಿಮಿಷ ಹಾಡಿ, ಒಂದು ಸಾಲಿನ ನಡುವೆ ದನಿ ನಿಲ್ಲುತ್ತದೆ. ಹನ್ನೊಂದು ಸೆಕೆಂಡು ಏನೂ ಇಲ್ಲ, ಉಸಿರಿನ ಸದ್ದೂ ಇಲ್ಲ. ಆಮೇಲೆ ಮುಂದಿನ ಸಾಲಿನ ನಡುವಿನಿಂದ ದನಿ ಮತ್ತೆ ಬರುತ್ತದೆ, ಏನೂ ಆಗದವರಂತೆ. ಆ ಜಾಗದ ಮಾತುಗಳು ಟೈಪಾಗಿ ಇವೆ. ಧಾಟಿ ಮುಂದಿನ ನುಡಿಯಲ್ಲಿ ಅದೇ ಬರುತ್ತದೆ. ಬೇರೆ ಕಡೆಯಿಂದ ಕತ್ತರಿಸಿ ತಂದು ಆ ಹನ್ನೊಂದು ಸೆಕೆಂಡು ತುಂಬಿಸಿಕೊಡುತ್ತೇನೆ, ಯಾರಿಗೂ ತಿಳಿಯದ ಹಾಗೆ, ಎಂದು ಅಳಿಯ ಹೇಳಿದ. ಅತ್ತೆ ಬೇಡವೆಂದಳು. ಧೂಳಿಲ್ಲದ ಕೋಣೆಯಲ್ಲಿ ಡಿಸ್ಕು ಬಿಚ್ಚಿ ಓದಿಕೊಡುವವರು ಇದ್ದಾರಂತೆ, ಖರ್ಚು ಹತ್ತಾರು ಸಾವಿರಕ್ಕೆ ಹೋಗುತ್ತದೆ, ಬಂದೇ ಬರುತ್ತದೆಂಬ ಭರವಸೆಯೂ ಇಲ್ಲ. ಅದಕ್ಕೆ ಅವಳು ಹೌದು ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಹಳೆಯ ಡಿಸ್ಕು ಈಗ ಕಬ್ಬಿಣದ ಕಪಾಟಿನಲ್ಲಿದೆ, ಮೇಲಿನ ಖಾನೆಯಲ್ಲಿ, ಹೊಸದು ಬಂದಿದ್ದ ಪೆಟ್ಟಿಗೆಯಲ್ಲಿ ಹಿಡಿಯದೆ ಚಹಾಪುಡಿಯ ಡಬ್ಬಿಯಲ್ಲಿ. ಮೊನ್ನೆ ಭಂಗಾರ್‌ವಾಲಾ ಬಂದಾಗ ಹಳೆಯ ಪೇಪರು, ಕೆಟ್ಟ ಮಿಕ್ಸರು ಕೊಡುತ್ತ ಇದನ್ನೂ ಹಾಕುವುದೋ ಎಂದು ನಾನು ಡಬ್ಬಿ ಎತ್ತಿ ತೋರಿಸಿದೆ. ಅವಳು ಬಂದು ಕೈಯಿಂದ ತೆಗೆದುಕೊಂಡು ಇದ್ದಲ್ಲೇ ಇಟ್ಟಳು.

'ಅದು ಇರ್ಲಿ ಮಾರಾಯ್ರೇ. ಹನ್ನೊಂದು ಸೆಕೆಂಡು ಅದರಲ್ಲಿ ಉಂಟು.'